ಡ್ರಾಯಿಂಗ್ ಮೇಷ್ಟ್ರ ಕೆಲಸ ಬಿಟ್ಟು ಪೂರ್ತಿ ದೇವರ ಮೂರ್ತಿ ಕೆತ್ತೋಕೆ ಇಳಿಯಬಹುದಾ?

ಅರಸೀಕೆರೆ ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ ನಾನು. ವಯಸ್ಸು 44, ಸರ್ವಿಸ್ 16 ವರ್ಷ. ನಮ್ಮ ಪೀರಿಯಡ್ಡಿನ ಗತಿ ನಿಮಗೆ ಗೊತ್ತೇ ಇದೆ, ಗಣಿತದವರಿಗೆ ಪೋರ್ಷನ್ ಮುಗಿದಿಲ್ಲ ಅಂದ್ರೆ ಮೊದಲು ಹೋಗೋದು ಡ್ರಾಯಿಂಗ್ ಕ್ಲಾಸು. ಉಳಿದ ಹೊತ್ತಲ್ಲಿ ಬಿಸಿಯೂಟದ ಲೆಕ್ಕ, ಪ್ರತಿಭಾ ಕಾರಂಜಿ ಬ್ಯಾನರ್, ಎಲೆಕ್ಷನ್ ಡ್ಯೂಟಿ. ಸಂಬಳ ಬರುತ್ತೆ, ಬೇಜಾರೇನೂ ಇಲ್ಲ ಅಂತ ಹೇಳಿಕೊಂಡೇ ಇಷ್ಟು ವರ್ಷ ಕಳೆದೆ.

ಕಲ್ಲಿನ ಹುಚ್ಚು ಹತ್ತಿದ್ದು ಊರಿನ ಈಶ್ವರ ದೇವಸ್ಥಾನದಿಂದ. 1220ರ ಸುಮಾರಿನ ಹೊಯ್ಸಳರ ಗುಡಿ, ಮುಂದಿನ ಮಂಟಪ ನಕ್ಷತ್ರದ ಆಕಾರದ್ದು. ಮಕ್ಕಳನ್ನ ಸ್ಕೆಚ್ ಮಾಡಿಸೋಕೆ ಅಲ್ಲಿಗೆ ಕರ್ಕೊಂಡು ಹೋಗೋದು ರೂಢಿ. ಅವರು ಗೋಪುರ ಬಿಡಿಸ್ತಿದ್ರೆ ನಾನು ಗೋಡೆಯ ಮೂರ್ತಿಗಳ ಮುಂದೆ ಕೂತಿರ್ತಿದ್ದೆ. ಬಳಪದ ಕಲ್ಲಲ್ಲಿ ಅಂಗೈಯಗಲದ ಗಣಪತಿ ಮಾಡೋದರಿಂದ ಶುರು. ಆಮೇಲೆ ನಾಗರಕಲ್ಲು. ಆಮೇಲೆ ಹೆಂಡತಿಯ ಊರಿನ ಶಿವನ ಗುಡಿಗೆ ಒಂದು ನಂದಿ. ಅದಕ್ಕೆ ಪೂಜೆ ಆಗೋದನ್ನ ನೋಡಿದ ಮೇಲೆ ಪಾಠ ಮಾಡೋಕೆ ಮನಸ್ಸೇ ನಿಲ್ತಿಲ್ಲ.

ಈಗ ಹತ್ತಿರದ ಹಳ್ಳಿಯೊಂದರಲ್ಲಿ ಚೆನ್ನಕೇಶವನ ಗುಡಿ ಜೀರ್ಣೋದ್ಧಾರ ಮಾಡ್ತಿದ್ದಾರೆ. ಮೂರಡಿ ಮೂರ್ತಿ ಮಾಡಿಕೊಡ್ತೀರಾ ಅಂತ ಕೇಳಿದ್ದಾರೆ. ಸಮಿತಿಯಲ್ಲಿ ಒಬ್ಬರು ಮುಖದ ಮೇಲೇ ಅಂದ್ರು: "ನೀವು ಆಚಾರ್ ಪೈಕಿ ಅಲ್ಲವಲ್ಲ ಮೇಷ್ಟ್ರೇ, ನೀವು ಕಡೆದಿದ್ದು ಪ್ರತಿಷ್ಠೆಗೆ ಬರುತ್ತಾ?" ಉತ್ತರ ಹೊಳೀಲಿಲ್ಲ.

ಈ ದಾರೀಲಿ ನಡೆದವರು ಯಾರಾದ್ರೂ ಇದ್ರೆ ಹೇಳಿ. ಕೆಲಸ ಬಿಡಬಹುದಾ? ಬಿಟ್ಟ ಮೇಲೆ ನಿಜವಾಗಿ ಏನು ಬದಲಾಗುತ್ತೆ? ಮಗಳು ಪಿಯುಸಿ, ಮನೆಯವರು ಟೈಲರಿಂಗ್ ಮಾಡ್ತಾರೆ, ಮನೆ ಸಾಲ ಇನ್ನೂ ಇದೆ. "ಮನಸ್ಸು ಹೇಳಿದಂಗೆ ಮಾಡಿ" ಅನ್ನೋ ಉತ್ತರ ದಯವಿಟ್ಟು ಬೇಡ.

ಫೈಲ್ ಗುಮಾಸ್ತ:

ಕಲೆ ವಿಷಯ ಗೊತ್ತಿಲ್ಲ, ಕಾಗದದ ವಿಷಯ ಹೇಳ್ತೀನಿ. ಆವೇಶದಲ್ಲಿ ರಾಜೀನಾಮೆ ಬರೆದುಕೊಡಬೇಡಿ ಸಾರ್. ರಾಜೀನಾಮೆ ಬೇರೆ, ಸ್ವಯಂ ನಿವೃತ್ತಿ ಬೇರೆ. ರಾಜೀನಾಮೆ ಕೊಟ್ರೆ ಹಿಂದಿನ ಸೇವೆಯೆಲ್ಲ ನೀರಿಗೆ ಬಿಟ್ಟ ಹಾಗೆ. 1-4-2006ರ ನಂತರ ಸೇರಿದವರು, ಅಂದ್ರೆ ನೀವು ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ಲೆಕ್ಕ. ಮಧ್ಯದಲ್ಲಿ ಹೊರಟರೆ ಕೈಗೆ ಎಷ್ಟು ಸಿಗುತ್ತೆ, ವರ್ಷಾಶನಕ್ಕೆ (ಆನ್ಯುಯಿಟಿ, ಕಂತಲ್ಲಿ ಬರೋ ಪಿಂಚಣಿ) ಎಷ್ಟು ಹೋಗುತ್ತೆ ಅಂತ ಬರಹದಲ್ಲಿ ಕೇಳಿ ತಗೊಳ್ಳಿ, ಬಾಯಿ ಮಾತು ಬೇಡ. ಅದಕ್ಕೂ ಮುಂಚೆ ಸಂಬಳವಿಲ್ಲದ ಅಸಾಧಾರಣ ರಜೆ ಸಿಗುತ್ತಾ ವಿಚಾರಿಸಿ. ಇನ್ನೊಂದು, ಈಗ ಆರ್ಡರ್ ತಗೊಳ್ತಿದ್ದೀರಲ್ಲ, ಕಲೆಯ ಕೆಲಸ ಯಾವಾಗಲೋ ಒಮ್ಮೆ ಮಾಡೋದಕ್ಕೂ ಅದನ್ನೇ ವ್ಯಾಪಾರವಾಗಿ ನಡೆಸೋದಕ್ಕೂ ನಡತೆ ನಿಯಮದಲ್ಲಿ ವ್ಯತ್ಯಾಸ ಇದೆ. ಇಲಾಖೆ ಅನುಮತಿ ತಗೊಂಡು ಫೈಲಲ್ಲಿ ಇಟ್ಕೊಳ್ಳಿ. ಮೂಗರ್ಜಿ ಬರೆಯೋರಿಗೆ ಬರಗಾಲ ಇಲ್ಲ.

ಕೋಟೆ ರಸ್ತೆ ಶೆಡ್ಡು:

ಮೇಷ್ಟ್ರೇ, ನಾನೂ ನಿಮ್ಮ ಪೈಕೀನೇ. ಡಿಎಂಸಿ, ಅಂದ್ರೆ ಡ್ರಾಯಿಂಗ್ ಮೇಷ್ಟ್ರ ಕೋರ್ಸು ಮಾಡಿ ಅನುದಾನಿತ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಹೇಳಿಕೊಡ್ತಿದ್ದೆ. ಲೋಯರ್, ಹೈಯರ್ ಪರೀಕ್ಷೆಗೆ ಮಕ್ಕಳನ್ನ ಕಟ್ಟಿಸೋದು, ಗೋಡೆ ಮೇಲೆ ವಿವೇಕಾನಂದರನ್ನ ಬರೆಯೋದು, ಎಲ್ಲ ಆಗಿದೆ. ಈಗ ಮೈಸೂರಿಂದ ಎಚ್.ಡಿ. ಕೋಟೆಗೆ ಹೋಗೋ ರಸ್ತೇಲಿ ಒಂದು ತಗಡಿನ ಶೆಡ್ಡು, ಮೂರು ಹುಡುಗರು, ಒಂದು ಚೈನ್ ಪುಲ್ಲಿ. ದೇವರ ಮೂರ್ತಿ ಬಿಟ್ಟು ಬೇರೆ ಕೆಲಸ ಹೆಚ್ಚೇನೂ ಮಾಡಲ್ಲ.

ಗುಮಾಸ್ತರು ಹೇಳಿದ್ದು ಸರಿ. ಆದ್ರೆ ಬಿಡೋದಾ ಬೇಡವಾ ಅನ್ನೋದು ಎರಡನೇ ಪ್ರಶ್ನೆ. ಯಾರ ಶೆಡ್ಡಲ್ಲಿ ಕೂತು ಕಲೀತೀರಿ ಅನ್ನೋದು ಮೊದಲನೇದು. ಅದಕ್ಕೆ ಉತ್ತರ ಇಲ್ಲದೆ ಬಿಟ್ರೆ ನಾಗರಕಲ್ಲಿನ ಹತ್ತಿರಾನೇ ನಿಂತುಬಿಡ್ತೀರಿ. ಅವಮಾನ ಮಾಡೋಕೆ ಹೇಳ್ತಿಲ್ಲ. ನಾಗರಕಲ್ಲೂ ನಂದೀನೂ ಚೆನ್ನಾಗೇ ಮಾಡಿರ್ತೀರಿ. ನಿಂತ ಮನುಷ್ಯಾಕಾರದ ದೇವರು ಬೇರೆ ವಿದ್ಯೆ.

ಡ್ರಾಯಿಂಗ್ ಕಲಿತವರ ಕಣ್ಣಿಗೆ ಒಂದು ಚಟ ಇರುತ್ತೆ, ಎಲ್ಲವನ್ನೂ ಎದುರಿನಿಂದ ನೋಡೋದು. ಕಲ್ಲಿನ ಮೇಲೆ ಎದುರಿನ ಚಿತ್ರ ಚೆಂದ ಬರೀತೀವಿ, ಅದನ್ನೇ ಹಿಡಿದು ಒಳಗೆ ಇಳೀತೀವಿ. ಮುಖ ಚಪ್ಪಟೆ ಆಗುತ್ತೆ, ಮೂಗು ಅಂಟಿಸಿದ ಹಾಗೆ ಕಾಣುತ್ತೆ. ನನಗೆ ಕಲಿಸಿದ ಹಿರಿಯರು ಶುರುವಲ್ಲಿ ಕಲ್ಲಿನ ಮುಂದೆ ಕೂರೋಕೇ ಬಿಡ್ತಿರಲಿಲ್ಲ. ಪಕ್ಕದಲ್ಲಿ ಕೂತ್ಕೋ ಅನ್ನೋರು. ಹಣೆ ಎಷ್ಟು ಹಿಂದೆ, ಗಲ್ಲ ಎಷ್ಟು ಮುಂದೆ, ಎದೆಗೂ ಹೊಟ್ಟೆಗೂ ಎಷ್ಟು ಅಂತರ, ಇದೆಲ್ಲ ಪಕ್ಕದಿಂದಲೇ ಗೊತ್ತಾಗೋದು. ಎದುರಿನ ಚೆಲುವು ಅದರ ಹಿಂದೆ ತಾನಾಗಿ ಬರುತ್ತೆ.

ಇನ್ನೊಂದು ವಿಷಯದಲ್ಲಿ ಮಾತ್ರ ನಮ್ಮಂಥವರದೇ ಮೇಲುಗೈ. ಕಲ್ಲಿನ ನಟ್ಟನಡುವೆ ಮೇಲಿಂದ ಕೆಳಗೆ ಬ್ರಹ್ಮಸೂತ್ರ ಅಂತ ಒಂದು ಗೆರೆ ಎಳೀತೀವಿ, ಅಳತೆ ಎಲ್ಲ ಅದರಿಂದ. ಉಳಿ ಇಟ್ಟ ತಕ್ಷಣ ಮೊದಲು ಹೋಗೋದು ಆ ಗೆರೇನೇ! ಮತ್ತೆ ಎಳೀಬೇಕು, ಮತ್ತೆ ಹೋಗುತ್ತೆ, ಮತ್ತೆ ಎಳೀಬೇಕು. ಮೂರ್ತಿ ಮುಗಿಯೋವರೆಗೂ ಇದೇ ಕೆಲಸ. ಕಂಪಾಸು, ತೂಗುಗುಂಡು, ಮೂಲೆಮಟ್ಟ ಹಿಡಿದು ಕೈ ಪಳಗಿದವರಿಗೆ ಇದು ಬೇಗ ಬರುತ್ತೆ. ಬೋರ್ಡ್ ಮೇಲೆ ಸ್ಕೇಲಿಲ್ಲದೆ ನೇರ ಗೆರೆ ಹಾಕ್ತಿದ್ದ ಕೈ ಕಲ್ಲಿನ ಮೇಲೂ ಕೆಲಸಕ್ಕೆ ಬಂತು.

ಅಳತೆ ವಿಷಯ. ತಾಳ ಅಂದ್ರೆ ಮೂರ್ತಿಯ ಒಂದು ಮುಖದಷ್ಟು ಅಳತೆ. ವಿಷ್ಣುವಿಗೆ ಉತ್ತಮ ದಶತಾಳ, ಪಾದದಿಂದ ನೆತ್ತಿಗೆ 124 ಅಂಗುಲ. ದೇವಿಯರಿಗೆ ಮಧ್ಯಮ ದಶತಾಳ, 120. ಗಣಪತಿಗೆ ಪಂಚತಾಳ. ಈ ಅಂಗುಲ ಅಂಗಡೀಲಿ ಸಿಗೋ ಟೇಪಿನದ್ದಲ್ಲ, ಆ ಮೂರ್ತಿದ್ದೇ. ಎತ್ತರವನ್ನ 124 ಭಾಗ ಮಾಡಿದ್ರೆ ಒಂದು ಭಾಗ ಒಂದು ಅಂಗುಲ. ತೊಡೆ 27, ಮೊಣಕಾಲು 4, ಕೆಳಗಾಲು 27, ಪಾದದ ಎತ್ತರ 4. ಒಂದು ರಟ್ಟಿನ ಪಟ್ಟಿ ಮೇಲೆ ಗುರುತು ಹಾಕಿ ಮೂರ್ತಿ ಮುಗಿಯೋವರೆಗೂ ಜೋಪಾನವಾಗಿ ಇಟ್ಕೋಬೇಕು. ಆಯುಧಗಳ ವಿಷಯದಲ್ಲಂತೂ ಹುಷಾರು. ನಾಲ್ಕು ಕೈಗೆ ಶಂಖ, ಚಕ್ರ, ಗದೆ, ಪದ್ಮ 24 ಥರದಲ್ಲಿ ಇಡಬಹುದು, 24 ಥರಕ್ಕೂ 24 ಹೆಸರು. ಕೇಶವ ಕೇಳಿದವರಿಗೆ ಕೇಶವನನ್ನೇ ಕೊಡಬೇಕು. ಬೇಲೂರಿನ ಫೋಟೋ ಹಿಡ್ಕೊಂಡು ಕೂರಬೇಡಿ, ಅವರ ಅರ್ಚಕರ ಹತ್ತಿರ ದೇವರ ರೂಪ ಹೇಳೋ ಧ್ಯಾನಶ್ಲೋಕ ಬರೆಸಿಕೊಳ್ಳಿ.

ಆರ್ಟ್ ಸ್ಕೂಲಲ್ಲಿ "ನಿನ್ನದೇ ಶೈಲಿ ಹುಡುಕು" ಅಂತ ಹೇಳಿಕೊಟ್ಟಿರ್ತಾರಲ್ಲ, ಅದನ್ನ ಇಲ್ಲಿ ಬಾಗಿಲ ಹೊರಗೆ ಬಿಡಬೇಕಾಗುತ್ತೆ. ನನಗೆ ಕಷ್ಟ ಆಗಿದ್ದು ಇದೇ, ದುಡ್ಡಲ್ಲ. ಜನ ಬರೋದು ನಮ್ಮ ಕಲ್ಪನೆ ನೋಡೋಕಲ್ಲ. ಹಾಗಂತ ಅಚ್ಚಿನಲ್ಲಿ ಒತ್ತಿದ ಹಾಗೂ ಅಲ್ಲ. ತುಟಿಯ ಕೊನೆ, ಬೆರಳಿನ ಬಾಗು, ಹೊಕ್ಕುಳ ಸುತ್ತಲಿನ ಮೃದು, ಹಾರದ ಎಳೆ ಎದೆಯ ಉಬ್ಬಿನ ಮೇಲೆ ಹೇಗೆ ಕೂರುತ್ತೆ, ಇಷ್ಟರಲ್ಲೇ ಒಬ್ಬರ ಕೈ ಇನ್ನೊಬ್ಬರದ್ದಕ್ಕಿಂತ ಬೇರೆ ಅಂತ ಕಾಣುತ್ತೆ. ನಮ್ಮ ಹಳೇ ಶಿಲ್ಪಿಗಳು ವಿನಯಕ್ಕೆ ಹೆಸರೇ ಹಾಕ್ತಿರಲಿಲ್ಲ ಅಂತ ಭಾಷಣ ಮಾಡೋರು ಸೋಮನಾಥಪುರಕ್ಕೆ ಹೋಗಿ ನೋಡಬೇಕು, ಮಲ್ಲಿತಮ್ಮ ಎಷ್ಟು ಕಡೆ ಹೆಸರು ಕೆತ್ತಿದಾನೆ ಅಂತ. ಬೇಲೂರಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಊರು ಬಿರುದು ಸಮೇತ ಬರೆದುಕೊಂಡಿದಾರೆ.

ಕಲ್ಲಿನ ಬಗ್ಗೆ. ನಮ್ಮ ಕಡೆ ಕೃಷ್ಣಶಿಲೆ. ನುಣುಪು ಕಣ, ಉಳಿಗೆ ಒಗ್ಗುತ್ತೆ, ಎಣ್ಣೆ ಬಿದ್ದಷ್ಟೂ ಕಪ್ಪಾಗುತ್ತೆ. ಒಂದು ಘನ ಅಡಿಗೆ ಸುಮಾರು 80 ಕೆಜಿ. ನಿಮ್ಮ ಮೂರ್ತಿಗೆ ಪ್ರಭಾವಳಿ ಸೇರಿ 10 ಘನ ಅಡಿ ಕಲ್ಲಾದರೂ ಬೇಕು, ಅಂದ್ರೆ ಎಂಟು ಕ್ವಿಂಟಾಲ್. ಶಾಲೆ ಬಿಟ್ಟು ಬಂದು ಒಬ್ಬರೇ ಮಗುಚಿ ಹಾಕೋ ಮಾತೇ ಇಲ್ಲ.

ತಗೊಳ್ಳೋವಾಗ ನೀರು ಹಾಕಿ ನೋಡಿ. ಒಂದು ಸಲ ನಮ್ಮ ಶೆಡ್ಡಲ್ಲಿ ವೇಣುಗೋಪಾಲ ನಡೀತಿತ್ತು. ಸುತ್ತಿಗೆ ಏಟಿಗೆ ಗಂಟೆ ಥರ ಕೇಳಿದ್ದ ಕಲ್ಲು, ಕ್ವಾರಿಯಲ್ಲಿ ನೀರು ಹಾಕಿದಾಗಲೂ ಏನೂ ಕಂಡಿರಲಿಲ್ಲ. ಮುಖ ಬಂದಿತ್ತು, ಕಿವಿಯ ಕುಂಡಲ ಬಿಡಿಸ್ತಿದ್ವಿ. ಧೂಳು ತೊಳೆಯೋಕೆ ಹುಡುಗ ಒಂದು ಚೊಂಬು ನೀರು ಹಾಕಿದ. ಬಿಸಿಲಿಗೆ ಕಲ್ಲೆಲ್ಲ ಒಣಗ್ತಾ ಬಂತು, ಎಡಗಿವಿಯಿಂದ ಕೆನ್ನೆಗೆ ಕೂದಲಿನಷ್ಟು ಸಣ್ಣ ಗೆರೆ ಮಾತ್ರ ಒದ್ದೆ ಒದ್ದೆ. ಬಟ್ಟೇಲಿ ಒರೆಸಿದ್ವಿ, ಮತ್ತೆ ಒದ್ದೆ. ಒಳಗಿಂದ ನೀರು ಉಗುಳ್ತಿದೆ ಅಂದ್ರೆ ಬಿರುಕು ಆಳಕ್ಕೆ ಹೋಗಿದೆ ಅಂತಲೇ ಅರ್ಥ. ಅಲ್ಲಿಗೆ ಉಳಿ ಕೆಳಗಿಟ್ವಿ. ಭಿನ್ನವಾದದ್ದು ಪೂಜೆಗೆ ಬರಲ್ಲ, ಅಂಟು ಹಾಕಿ ಕೊಡೋರು ಇದ್ದಾರೆ, ನಾನು ಕೊಡಲ್ಲ. ಆ ಕಲ್ಲಿನ ದುಡ್ಡು, ಅಷ್ಟು ದಿನದ ಕೂಲಿ ಯಾರೂ ಕೊಡಲ್ಲ. ಶಾಲೇಲಿ ಹಾಳೆ ಹರಿದು ಇನ್ನೊಂದು ಹಾಳೆ ತಗೋ ಅಂತಿದ್ವಲ್ಲ, ಇಲ್ಲಿ ಹಾಳೆಗೆ ಲಾರಿ ಬಾಡಿಗೆ ಬೇರೆ ಕೊಡಬೇಕು.

ಅದಕ್ಕೇ ದುಡ್ಡಿನ ವ್ಯವಸ್ಥೆ ಮೊದಲೇ ಗಟ್ಟಿ ಮಾಡ್ಕೊಳ್ಳಿ. ಮೂರು ಕಂತು: ಕಲ್ಲು ತರೋಕೆ ಮುಂಚೆ ಒಂದು, ರೂಪ ಬಂದ ಮೇಲೆ ಸಮಿತಿಯವರು ಬಂದು ನೋಡಿ ಒಂದು, ಗಾಡಿಗೆ ಏರಿಸೋ ಮುಂಚೆ ಉಳಿದಿದ್ದು. "ಪ್ರತಿಷ್ಠೆ ದಿನ ವೇದಿಕೆ ಮೇಲೆ ಸನ್ಮಾನ ಮಾಡಿ ಕೊಡ್ತೀವಿ" ಅನ್ನೋರಿಗೆ ಕೈಮುಗಿದು ಬೇಡ ಅನ್ನಿ. ಶಾಲು ಹೊದಿಸ್ತಾರೆ, ಹಾರ ಹಾಕ್ತಾರೆ, ಚೆಕ್ಕು ಇವತ್ತಿಗೂ ಬಂದಿಲ್ಲ ಒಂದು ಕಡೆಯಿಂದ. ಕಲ್ಲು, ಅಮೃತಶಿಲೆ, ಮರದ ದೇವರ ಮೂರ್ತಿಗೆ 2018ರ ಜುಲೈನಿಂದ ಜಿಎಸ್‌ಟಿ ಇಲ್ಲ. ಪಂಚಲೋಹಕ್ಕೆ ಆ ವಿನಾಯ್ತಿ ಇಲ್ಲ.

ಆದಾಯಕ್ಕೆ ತಿಂಗಳು ಅನ್ನೋದೇ ಇಲ್ಲ, ಮುಹೂರ್ತ ಇದೆ. ಉತ್ತರಾಯಣದಲ್ಲಿ, ಅದರಲ್ಲೂ ಮಾಘದಿಂದ ವೈಶಾಖದವರೆಗೆ ಎಲ್ಲರಿಗೂ ಒಟ್ಟಿಗೇ ಬೇಕು. ಆಷಾಢ ಬಂತು ಅಂದ್ರೆ ಫೋನೂ ಬರಲ್ಲ. ಸಂಬಳಕ್ಕೆ ಒಗ್ಗಿದ ಮನೆಗೆ ಇದು ದೊಡ್ಡ ಹೊಡೆತ. ಒಂದು ವರ್ಷದ ಮನೆ ಖರ್ಚು ಬ್ಯಾಂಕಲ್ಲಿ ಇರದಿದ್ರೆ ಬಿಡಬೇಡಿ, ಇಷ್ಟು ಖಂಡಿತವಾಗಿ ಹೇಳ್ತೀನಿ.

ಇನ್ನು ಅಯೋಧ್ಯೆ. 2024ರ ಜನವರಿ 22ರ ರಾಮಮಂದಿರದ ಪ್ರತಿಷ್ಠೆ ಆದ ಮೇಲೆ ನಮ್ಮ ಕಡೆ ಕಲ್ಲಿಗೂ ಹೆಸರು ಬಂತು, ನಮಗೂ ಆರ್ಡರ್ ಬಂತು, ಸುಳ್ಳು ಹೇಳಬಾರದು. ಬಾಲರಾಮನನ್ನ ಕೆತ್ತೋಕೆ ಮೂವರಿಗೆ ಕೊಟ್ಟಿದ್ರಲ್ಲ, ಅದರಲ್ಲಿ ಇಬ್ಬರು ನಮ್ಮವರು, ಮೈಸೂರಿನ ಅರುಣ್ ಯೋಗಿರಾಜ್, ಇಡಗುಂಜಿಯ ಗಣೇಶ್ ಭಟ್ಟರು. 51 ಇಂಚಿನ ಆ ಮೂರ್ತಿ ಫೋನಲ್ಲಿ ತೋರಿಸಿ "ಇದೇ ನಗು ಇರಲಿ" ಅಂತಾರೆ, ಯಾವ ದೇವರಿಗೆ ಅಂದ್ರೆ ವೀರಭದ್ರನಿಗೆ! ಆಗ ಮೇಷ್ಟ್ರುತನ ಕೆಲಸಕ್ಕೆ ಬರುತ್ತೆ. ಶೆಡ್ಡಲ್ಲಿ ಒಂದು ಕರಿಹಲಗೆ ಇಟ್ಟಿದೀನಿ. ಸಮಿತಿಯವರ ಮುಂದೆ ಪೂರ್ತಿ ಎತ್ತರದ ಚಿತ್ರ ಚಾಕ್‌ಪೀಸಲ್ಲಿ ಬರೆದು ಯಾಕೆ ಹೀಗೆ ಅಂತ ಪಾಠ ಮಾಡ್ತೀನಿ, ಆಮೇಲೆ ಕಾಗದದ ಪ್ರತಿಗೆ ಅವರ ಸಹಿ. ಆ ಸಹಿ ಇಲ್ಲದೆ ಕಲ್ಲಿಗೆ ಉಳಿ ತಾಗಿಸಲ್ಲ.

ಮಿಯ್ಯಾರು ಹುಡುಗಿ:

ಕೋಟೆ ರಸ್ತೆಯಣ್ಣ ಹೇಳಿದ್ದರಲ್ಲಿ ಒಂದು ಬಿಟ್ಟಿದ್ದಾರೆ, ಧೂಳು. ಸರ್, ನೀವು ಮೊದಲು ಅದನ್ನು ನೋಡಿ. ಗ್ರೈಂಡರ್ ಹಿಡಿದು ಒಣ ಕಲ್ಲು ಕೊಯ್ದರೆ ಏಳುವ ಧೂಳು ಕಣ್ಣಿಗೇ ಕಾಣುವುದಿಲ್ಲ, ಸೀದಾ ಶ್ವಾಸಕೋಶಕ್ಕೆ ಹೋಗುವುದು. ಕರಿಕಲ್ಲು, ಗ್ರಾನೈಟಿನಲ್ಲಿ ಸಿಲಿಕಾ ಜಾಸ್ತಿ, ಸಿಲಿಕೋಸಿಸ್ ಬಂದರೆ ಗುಣ ಮಾಡುವ ಮದ್ದಿಲ್ಲ. ಬಳಪದ ಕಲ್ಲು ಅಷ್ಟು ಕೆಟ್ಟದ್ದಲ್ಲ, ಹಾಗೆಂದು ಟವೆಲ್ ಕಟ್ಟಿಕೊಂಡರೆ ಸಾಕಾಗುವುದಿಲ್ಲ. ನೀರು ಬಿಟ್ಟುಕೊಂಡು ಕೊಯ್ಯಿರಿ, ಸರಿಯಾದ ಮಾಸ್ಕ್ ಹಾಕಿ, ಮನೆಗೆ ಬರುವ ಮೊದಲು ಬಟ್ಟೆ ಬದಲಿಸಿ. ಶೆಡ್ ಮನೆಯ ಪಕ್ಕದಲ್ಲಿದ್ದರೆ ಮಗಳೂ ಅದೇ ಗಾಳಿ ಕುಡಿಯುವುದು.

ನಾನು ಕಾರ್ಕಳದ ಹತ್ತಿರ ಮಿಯ್ಯಾರಿನಲ್ಲಿ ಕೆನರಾ ಬ್ಯಾಂಕಿನವರು ನಡೆಸುವ ಸಿ.ಇ. ಕಾಮತ್ ಸಂಸ್ಥೆಯಲ್ಲಿ ಕಲಿತವಳು. ಕಲ್ಲು, ಮರ, ಲೋಹ ಬೇರೆ ಬೇರೆ ವಿಭಾಗ ಉಂಟು, ನನ್ನದು ಮರ. ಅದು ಅಲ್ಲೇ ಉಳಿದು ಕಲಿಯುವ ದೀರ್ಘ ತರಬೇತಿ, ಕೆಲಸದಲ್ಲಿ ಇದ್ದುಕೊಂಡು ಆಗುವುದಲ್ಲ. ಆದರೆ ಒಮ್ಮೆ ಬಂದು ನೋಡಿ ಹೋಗಿ. ಮಕ್ಕಳು ಮೊದಲ ದಿನಗಳಲ್ಲಿ ಬರೀ ಎಲೆ, ಬಳ್ಳಿ, ಮತ್ತೆ ಎಲೆ, ಬಳ್ಳಿ ಕೆತ್ತುವುದನ್ನು ನೋಡಿದರೆ ದೇವರ ಮುಖಕ್ಕೆ ಕೈ ಹಾಕುವ ಅವಸರ ಕಡಿಮೆಯಾದೀತು.

ಆಚಾರ್ ಪೈಕಿ ಪ್ರಶ್ನೆಗೆ ನಮ್ಮೂರಿನಿಂದಲೇ ಉತ್ತರ ಕೊಡುತ್ತೇನೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕಡೆದವರು ರೆಂಜಾಳ ಗೋಪಾಲ ಶೆಣೈ. ಕಾರ್ಕಳದಲ್ಲಿ ಕಡೆದು, ಅಲ್ಲಿಂದ ಧರ್ಮಸ್ಥಳಕ್ಕೆ ಸಾಗಿಸಿದ್ದು, 1982ರಲ್ಲಿ ಪ್ರತಿಷ್ಠೆ. ಆ ಮೂರ್ತಿಗೆ ಮಹಾಮಸ್ತಕಾಭಿಷೇಕ ಆಗುತ್ತಾ ಬಂದಿದೆ, ಶೆಣೈಯವರು ಯಾವ ಪೈಕಿ ಎಂದು ಕೇಳಿ ಯಾರೂ ಹಾಲು ಹಿಂದಕ್ಕೆ ತೆಗೆದುಕೊಂಡು ಹೋಗಲಿಲ್ಲ. ಹಾಗೆಂದು ವಿಶ್ವಕರ್ಮರ ಮನೆಗಳಲ್ಲಿ ಇರುವ ವಿದ್ಯೆಯನ್ನು ಸಸಾರ ಮಾಡಬೇಡಿ. ನಾನು ಕಲಿತದ್ದೆಲ್ಲ ಆಚಾರ್ಯರ ಕೈಯಿಂದಲೇ. ಅವರ ಮಕ್ಕಳು ನಡೆಯಲು ಕಲಿಯುವಾಗಲೇ ಉಳಿಯ ಶಬ್ದ ಕೇಳಿರುತ್ತಾರೆ, ನಾವು ಅದನ್ನು ಹಣ ಮತ್ತು ವರ್ಷ ಕೊಟ್ಟು ಕೊಂಡುಕೊಳ್ಳಬೇಕು.

ನನಗಂತೂ ಎರಡು ಪ್ರಶ್ನೆ ಬರುತ್ತದೆ, ಯಾವ ಜಾತಿ ಮತ್ತು ಹೆಂಗಸು ಕೆತ್ತಿದ್ದು ಆಗುತ್ತದಾ. ದೈವದ ಉರುಗಳಿಗೆ (ಮರದ ಮೂರ್ತಿಗಳಿಗೆ) ಹಲಸಿನ ಮರ, ಪ್ರಭಾವಳಿ, ಪಲ್ಲಕ್ಕಿ ಎಲ್ಲ ಮಾಡುತ್ತೇನೆ. ಚರ್ಚಿನವರಿಗೆ ಮರಿಯಮ್ಮನ ಮೂರ್ತಿಯೂ ಆಯಿತು. ಪಾದ್ರಿಯವರು ಒಂದು ಫೋಟೋ ಕೊಟ್ಟು "ಕೈ ಮುಗಿದದ್ದು ಹೀಗೇ ಇರಲಿ, ಮುಖ ಮಾತ್ರ ನಮ್ಮೂರಿನ ಹುಡುಗಿಯದ್ದು ಆಗಲಿ" ಎಂದರು. ತಾಳ ಇಲ್ಲ, ಅಂಗುಲ ಇಲ್ಲ. ಅಷ್ಟು ಸ್ವಾತಂತ್ರ್ಯ ಸಿಕ್ಕಿದಾಗ ಕೈ ಓಡಲೇ ಇಲ್ಲ ಮಾರಾಯ್ರೆ!

ಸಮಿತಿ ಖಜಾಂಚಿ:

ಶಿವಮೊಗ್ಗ ಕಡೆಯವನು. ನಮ್ಮೂರ ಲಕ್ಷ್ಮೀನಾರಾಯಣ ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಲೆಕ್ಕಪತ್ರ ನೋಡಿಕೊಂಡವನು, ಹಾಗಾಗಿ ಗಿರಾಕಿ ಕಡೆಯಿಂದ ಎರಡು ಮಾತು.

ಮೊದಲನೆಯದಾಗಿ, ಮೂರಡಿ ಅಂತ ಯಾರು ಹೇಳಿದರು? ಸಮಿತಿಯವರು ಬಾಯಿಗೆ ಬಂದ ಎತ್ತರ ಹೇಳುತ್ತಾರೆ. ಗರ್ಭಗುಡಿ ಬಾಗಿಲು ಅಳೆಯಿರಿ. ಹಳೆಯ ಕಾಲದ ಜ್ಯೋತಿಷಿ ವರಾಹಮಿಹಿರ ಕೊಟ್ಟ ಲೆಕ್ಕ ಸುಲಭ. ಬಾಗಿಲಿನ ಎತ್ತರದಲ್ಲಿ ಎಂಟರಲ್ಲೊಂದು ಭಾಗ ಕಳೆಯಬೇಕು, ಉಳಿದದ್ದನ್ನು ಮೂರು ಪಾಲು ಮಾಡಬೇಕು, ಒಂದು ಪಾಲು ಪೀಠ, ಎರಡು ಪಾಲು ಮೂರ್ತಿ. ಬೇರೆ ಆಗಮಗಳಲ್ಲಿ ಬೇರೆ ಲೆಕ್ಕಗಳೂ ಇವೆ, ಅವರ ಪೂಜಾಪದ್ಧತಿ ವೈಖಾನಸವೋ ಪಾಂಚರಾತ್ರವೋ ಕೇಳಿಕೊಂಡು ತಂತ್ರಿಗಳ ಒಪ್ಪಿಗೆ ಪಡೆಯಿರಿ. ನಮ್ಮಲ್ಲಿ ಮೂರ್ತಿ ಬಂದ ಮೇಲೆ ಪೀಠ ಎತ್ತರವಾಗಿ, ಹೊರಗೆ ನಿಂತವರಿಗೆ ದೇವರ ಕಿರೀಟದ ತುದಿ ಬಾಗಿಲ ಮೇಲ್ಪಟ್ಟಿಗೆ ಮರೆಯಾಗುವ ಹಾಗಿತ್ತು. ಪೀಠ ಮತ್ತೆ ಮಾಡಿಸಬೇಕಾಯಿತು, ಆ ಬಿಲ್ಲು ಯಾರ ಮೇಲೆ ಅಂತ ಮೂರು ಮೀಟಿಂಗು.

ಎರಡನೆಯದು, ಶಿಲ್ಪಿಯ ಕೆಲಸ ಶೆಡ್ಡಿನಲ್ಲಿ ಮುಗಿಯುವುದಿಲ್ಲ. ಮೂರ್ತಿ ಹುಲ್ಲಿನ ಮೇಲೆ ಮಲಗಿಕೊಂಡು, ಮುಖಕ್ಕೆ ಬಟ್ಟೆ ಕಟ್ಟಿಸಿಕೊಂಡು ಬರುತ್ತದೆ. ಆಮೇಲೆ ಜಲಾಧಿವಾಸ, ಧಾನ್ಯಾಧಿವಾಸ, ಶಯ್ಯಾಧಿವಾಸ, ಅಂದರೆ ನೀರಿನಲ್ಲಿ, ಧಾನ್ಯದಲ್ಲಿ, ಹಾಸಿಗೆಯ ಮೇಲೆ ಇಡುವುದು. ನೀರಿನಲ್ಲಿ ಇಡುವುದಕ್ಕೆ ಶಾಸ್ತ್ರದ ಕಾರಣ ಏನೇ ಇರಲಿ, ಕೋಟೆ ರಸ್ತೆಯವರು ಹೇಳಿದ ಒದ್ದೆ ಗೆರೆ ಅಲ್ಲೂ ಸಿಕ್ಕಿಬೀಳುತ್ತದೆ. ನೇತ್ರೋನ್ಮೀಲನಕ್ಕೆ ಶಿಲ್ಪಿ ಖುದ್ದಾಗಿ ಬರಬೇಕು, ಚಿನ್ನದ ಸೂಜಿಯಲ್ಲಿ ಕಣ್ಣಿನ ಗೆರೆ ಬಿಡಿಸಬೇಕು. ಎದುರಿಗೆ ಯಾರೂ ನಿಲ್ಲುವ ಹಾಗಿಲ್ಲ, ದೇವರ ಮೊದಲ ನೋಟಕ್ಕೆ ಕನ್ನಡಿ, ಕರುವಿನ ಜೊತೆ ಹಸು. ಅಯೋಧ್ಯೆಯಲ್ಲಿ ಯೋಗಿರಾಜರು ಬಳಸಿದ ಬೆಳ್ಳಿ ಸುತ್ತಿಗೆ, ಚಿನ್ನದ ಉಳಿಯ ಫೋಟೋ ನೀವೂ ನೋಡಿರುತ್ತೀರಿ. ಆ ದಿನ ನಿಮ್ಮ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಡ್ಯೂಟಿ ಇದ್ದರೆ ಏನು ಮಾಡುತ್ತೀರಿ? ಮುಹೂರ್ತಗಳು ಬರುವುದು ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ.

ಮೂರನೆಯದು, ಬರವಣಿಗೆಯಲ್ಲಿ ಒಪ್ಪಂದ. ಸಮಿತಿಗಳಿಗೆ ಇರುವ ದೊಡ್ಡ ಹೆದರಿಕೆ ಮೂರ್ತಿ ಚೆನ್ನಾಗಿರುವುದಿಲ್ಲ ಅಂತಲ್ಲ, ತಡವಾಗುತ್ತದೆ ಅಂತ. ಕಾರ್ಡು ಹಂಚಿ ಆಗಿರುತ್ತದೆ, ಸ್ವಾಮೀಜಿಗಳ ದಿನಾಂಕ ಸಿಕ್ಕಿರುತ್ತದೆ, ಅಡುಗೆಯವರಿಗೆ ಮುಂಗಡ ಕೊಟ್ಟಿರುತ್ತೇವೆ. ಪ್ರತಿಷ್ಠೆಗೆ ಒಂದು ತಿಂಗಳು ಮುಂಚೆ ಮೂರ್ತಿ ಗುಡಿಗೆ ಬಂದು ಬೀಳುತ್ತದೆ ಅಂತ ಬರೆದುಕೊಟ್ಟರೆ ಜಾತಿ ಕೇಳಿದವರೂ ಸುಮ್ಮನಾಗುತ್ತಾರೆ, ನನ್ನ ಅನುಭವ.

ಅರಸೀಕೆರೆ ಮೇಷ್ಟ್ರು:

ಎಲ್ಲರಿಗೂ ಧನ್ಯವಾದ. ಇಷ್ಟು ಬಿಚ್ಚಿ ಹೇಳ್ತೀರಿ ಅಂತ ಅಂದುಕೊಂಡಿರಲಿಲ್ಲ. ಖಜಾಂಚಿಗಳು ಹೇಳಿದ ಮೇಲೆ ಭಾನುವಾರ ಹೋಗಿ ಬಾಗಿಲು ಅಳೆದೆ. ಹೊಸಿಲ ಮೇಲಿಂದ ಮೇಲ್ಪಟ್ಟಿಗೆ 64 ಇಂಚು. ಅರ್ಚಕರು ವರಾಹಮಿಹಿರನ ಲೆಕ್ಕಕ್ಕೆ ಒಪ್ಪಿದ್ದಾರೆ. ಎಂಟರಲ್ಲೊಂದು ತೆಗೆದರೆ 56. ಪೀಠ 18 ಮುಕ್ಕಾಲರ ಹತ್ತಿರ, ಮೂರ್ತಿ 37 ಇಂಚು ಚಿಲ್ಲರೆ. ಹಾಗಿದ್ರೆ ಮೂರಡಿ ಅಂದಿದ್ದು ಸರೀನೇ ಅಲ್ವಾ? 37 ಇಂಚನ್ನ 124 ಭಾಗ ಮಾಡೋಕೆ ಹೋದರೆ ಅಂಗುಲಕ್ಕೆ ಏಳೂವರೆ ಮಿಲಿಮೀಟರ್ ಚಿಲ್ಲರೆ ಬರುತ್ತೆ, ಪಟ್ಟಿ ಮೇಲೆ ಗುರುತು ಹಾಕೋದೇ ಕಷ್ಟ.

ಇನ್ನೊಂದು: ಗಂಡುಕಲ್ಲು, ಹೆಣ್ಣುಕಲ್ಲು ಅಂತಾರಲ್ಲ, ಅದು ಈಗಲೂ ನೋಡ್ತಾರಾ?

ಕೋಟೆ ರಸ್ತೆ ಶೆಡ್ಡು:

ಮೇಷ್ಟ್ರೇ, 37 ಇಂಚು ಕಿರೀಟ ಸೇರಿ. 124 ಅಂಗುಲ ನೆತ್ತಿಯವರೆಗೆ ಮಾತ್ರ, ಕಿರೀಟ ಅದರ ಮೇಲೆ. ಹೀಗೆ ಮಾಡಿ, ಪಾದದಿಂದ ನೆತ್ತಿಗೆ 31 ಇಂಚು ಇಟ್ಕೊಳ್ಳಿ. 31ನ್ನ 124ರಿಂದ ಭಾಗಿಸಿ ನೋಡಿ, ಒಂದು ಅಂಗುಲಕ್ಕೆ ಸರಿಯಾಗಿ ಕಾಲು ಇಂಚು! ಶಾಲೆಯ ಮರದ ಸ್ಕೇಲಲ್ಲೇ ಆಗುತ್ತೆ. ತೊಡೆ ಆರೂ ಮುಕ್ಕಾಲು ಇಂಚು, ಕೆಳಗಾಲೂ ಅಷ್ಟೇ, ಪಾದ ಒಂದು ಇಂಚು, ಮೊಣಕಾಲು ಒಂದು ಇಂಚು. ಮೇಲೆ ಆರು ಇಂಚು ಕಿರೀಟ, ಅಂದ್ರೆ 24 ಅಂಗುಲ. ಒಟ್ಟು 37. ಇಂಥ ಅಳತೆ ಎಲ್ಲರಿಗೂ ಸಿಗಲ್ಲ, ಬಿಡಬೇಡಿ. ಅರ್ಚಕರಿಗೆ ಒಮ್ಮೆ ತೋರಿಸಿ ಸಹಿ ಹಾಕಿಸ್ಕೊಳ್ಳಿ.

ಗಂಡು ಹೆಣ್ಣು ಕಲ್ಲು ನೋಡ್ತಾರೆ. ಶಾಸ್ತ್ರದ ಪ್ರಕಾರ ಪುರುಷಶಿಲೆ ಮೂರ್ತಿಗೆ, ಸ್ತ್ರೀಶಿಲೆ ಪೀಠಕ್ಕೆ, ನಪುಂಸಕ ಶಿಲೆ ತಳಪಾಯಕ್ಕೆ. ನೋಡೋದು ಶಬ್ದದಲ್ಲಿ. ಸಣ್ಣ ಸುತ್ತಿಗೆ ತಗೊಂಡು ಬಂಡೆಯ ತುದಿಯಿಂದ ತುದಿಗೆ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಕಂಚಿನ ಗಂಟೆ ಥರ ಉದ್ದಕ್ಕೆ ಎಳೆದರೆ ಒಳ್ಳೇದು. ನಡುವೆ ಎಲ್ಲಾದ್ರೂ "ಡಬ್" ಅಂದ್ರೆ ಅಲ್ಲಿ ಪದರ ಬಿಟ್ಟಿದೆ ಅಥವಾ ಟೊಳ್ಳು ಇದೆ. ಅದಕ್ಕೆ ಲಿಂಗದ ಹೆಸರು ಕೊಟ್ಟರೂ ಕೊಡದಿದ್ರೂ ಆ ಕಲ್ಲು ಬೇಡ. ಬಂಡೆ ನೆಲಕ್ಕೆ ಪೂರ್ತಿ ಅಂಟಿಕೊಂಡಿದ್ರೆ ಒಳ್ಳೇ ಕಲ್ಲೂ ಮೊದ್ದು ಶಬ್ದ ಕೊಡುತ್ತೆ, ಅದಕ್ಕೆ ಎರಡು ಕಡೆ ಮರದ ತುಂಡು ಕೊಟ್ಟು ಎತ್ತಿಸಿ ಆಮೇಲೆ ತಟ್ಟಿ. ಕ್ವಾರಿಯವರು ಗೊಣಗ್ತಾರೆ, ಗೊಣಗಲಿ. ಮರೆಯೋಕೆ ಮುಂಚೆ, ಮಿಯ್ಯಾರಿನ ತಂಗಿ ಧೂಳಿನ ಬಗ್ಗೆ ಹೇಳಿದ್ದು ನೂರಕ್ಕೆ ನೂರು. ನನಗೆ ಕಲಿಸಿದ ಹಿರಿಯರಿಗೆ ಕೊನೆಕೊನೆಗೆ ನಾಲ್ಕು ಮೆಟ್ಟಿಲು ಹತ್ತೋಕೆ ಆಗ್ತಿರಲಿಲ್ಲ.

ಈ ಒಂದು ಮೂರ್ತಿಗೆ ಕೆಲಸ ಬಿಡಬೇಡಿ. ಅನುಮತಿ ತಗೊಂಡು, ಸಮಿತಿಯವರಿಗೆ ಮುಂದಿನ ವರ್ಷದ ಉತ್ತರಾಯಣ ಅಂತ ಹೇಳಿ. ಅವರು ಕಾಯೋಲ್ಲ ಅಂದ್ರೆ ಬೇರೆಯವರ ಹತ್ರ ಮಾಡಿಸ್ಕೊಳ್ಳಲಿ, ಇನ್ನೊಂದು ಬರುತ್ತೆ. ಅಷ್ಟರಲ್ಲಿ ರಜಗಳನ್ನೆಲ್ಲ ಯಾರದಾದ್ರೂ ಶೆಡ್ಡಲ್ಲಿ ಕಳೀರಿ. ದಸರಾ ರಜೆಗೆ ನಮ್ಮಲ್ಲಿಗೇ ಬನ್ನಿ, ಒಂದು ಲಕ್ಷ್ಮಿ ನಡೀತಿರುತ್ತೆ, ಪಕ್ಕದಲ್ಲಿ ಕೂರೋಕೆ ಜಾಗ ಇದೆ. ಹಾಸಿಗೆ ತನ್ನಿ, ಊಟ ಹುಡುಗರೇ ಮಾಡ್ತಾರೆ. ನಂದಿ ಫೋಟೋಗಳನ್ನ ಇಲ್ಲೇ ಹಾಕಿ, ಎದುರಿನದ್ದು ಬೇಡ, ಎರಡೂ ಪಕ್ಕದಿಂದ ತೆಗೆದದ್ದು. ಬರೋ ಮುಂಚೆ ಮೆಸೇಜ್ ಮಾಡಿ, ಪಿತೃಪಕ್ಷದಲ್ಲಿ ಮೂರ್ತಿ ಸಾಗಿಸೋದು ಇರಲ್ಲ ಅಂತ ಆಗಲೇ ಕ್ವಾರಿ ಕಡೆ ಹೊರಟಿರ್ತೀನಿ.